ಸುಳಿವು ನಿಲ್ಲಿಸಿದ ಜ್ಯೋತಿಲಕ್ಷ್ಮಿ

ಜ್ಯೋತಿಲಕ್ಷ್ಮಿಗೆ ಒಂದು ಕಡೆ ಕೂತು ಗೊತ್ತೇ ಇರಲಿಲ್ಲ. ಕಾಮಗೆರೆಯಲ್ಲಿ ಚಿಕ್ಕವಳಿದ್ದಾಗ ಅನ್ನದ ತಟ್ಟೆ ಹಿಡಿದುಕೊಂಡೇ ಜಗಲಿಯಿಂದ ಹಿತ್ತಿಲಿಗೆ, ಹಿತ್ತಿಲಿಂದ ಜಗಲಿಗೆ ಓಡಾಡುತ್ತ ಉಣ್ಣುತ್ತಿದ್ದಳು. "ಇವ್ಳ ಕಾಲ್ನಲ್ಲಿ ಚಕ್ರ ಅದೆ ಕಣವ್ವಾ, ಯಾವನು ಕಟ್ಕಂಡಾನು ಇವ್ಳ" ಎಂದು ಅವಳ ತಾಯಿ ಶಿವರತ್ನಮ್ಮ ಪಕ್ಕದ ಮನೆಯವರ ಹತ್ತಿರ ಹೇಳಿಕೊಂಡು ನಗುತ್ತಿದ್ದರು. ಕಟ್ಟಿಕೊಂಡವನು ಪ್ರಭುಸ್ವಾಮಿ. ಕೊಳ್ಳೇಗಾಲದ ಬಸ್‌ಸ್ಟ್ಯಾಂಡ್ ಹತ್ತಿರ ಅವನದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಬೆಳಗ್ಗೆ ಕುರ್ಚಿಯಲ್ಲಿ ಕೂತರೆ ಊಟಕ್ಕೇ ಏಳುವ ಆಸಾಮಿ. ಇವರಿಬ್ಬರ ಸಂಸಾರ ಹೇಗೆ ನಡೆಯುತ್ತದೋ ಎಂದು ನೆಂಟರಿಗೆಲ್ಲ ಕುತೂಹಲ. ನಡೆಯುವುದೇನೋ ಚೆನ್ನಾಗಿಯೇ ನಡೆದಿತ್ತು.

ಆ ಚಡಪಡಿಕೆಯ ಜೀವಕ್ಕೆ ಒಂದೇ ಒಂದು ಕಡೆ ನೆಮ್ಮದಿ ಸಿಕ್ಕಿತ್ತು. ಮೈಸೂರಿನಲ್ಲಿ ಎಂ.ಟೆಕ್. ಮಾಡುವಾಗ ಅವಳು ಹಿಡಿದ ವಿಷಯ ಅದು. ಒಂದು ಪ್ರೋಗ್ರಾಂ ಸರಿಯಾಗಿದೆಯೋ ಇಲ್ಲವೋ ಎಂದು ಸಾಮಾನ್ಯವಾಗಿ ಎಲ್ಲರೂ ಓಡಿಸಿ ನೋಡುತ್ತಾರೆ. ನೂರು ಸಲ ಓಡಿಸಿ ನೂರು ಸಲವೂ ಸರಿ ಬಂದರೆ ಸಮಾಧಾನಪಟ್ಟುಕೊಳ್ಳುತ್ತಾರೆ. ಮಾರನೆಯ ದಿನ ಅದು ಕೈಕೊಡುತ್ತದೆ. ಜ್ಯೋತಿಲಕ್ಷ್ಮಿ ಕಲಿತದ್ದು ಓಡಿಸದೆಯೇ, ಪ್ರಮೇಯವನ್ನು ಸಾಧಿಸುವ ಹಾಗೆ, ಇದು ಯಾವತ್ತೂ ತಪ್ಪುವುದಿಲ್ಲ ಎಂದು ಗಣಿತದಿಂದ ಸಾಧಿಸಿ ತೋರಿಸುವುದನ್ನು. ಸಾಧನೆಯ ಕೊನೆಯ ಸಾಲು ಬರೆದು ಪೆನ್ನು ಕೆಳಗಿಟ್ಟಾಗ ಅವಳಿಗೆ ಸ್ವಲ್ಪ ಹೊತ್ತು ಎಲ್ಲಿಗೂ ಎದ್ದು ಹೋಗಬೇಕು ಅನ್ನಿಸುತ್ತಿರಲಿಲ್ಲ.

ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದವಳು ಖಾಸಗಿ ಕಾಲೇಜೊಂದರಲ್ಲಿ ಪಾಠ ಮಾಡಿದಳು. ಕೊರೊನಾ ಕಳೆದ ಮೇಲೆ ಊರಿನ ಪುಟ್ಟ ಟ್ರಸ್ಟೊಂದು ಆನ್‌ಲೈನಿನಲ್ಲಿ ಕನ್ನಡದಲ್ಲೇ ಪ್ರೋಗ್ರಾಮಿಂಗ್ ಕಲಿಸುವ ಕೋರ್ಸು ಶುರು ಮಾಡಿತು. ಪಿಯುಸಿಯೋ ಐಟಿಐಯೋ ಮುಗಿಸಿ ಮುಂದೇನೆಂದು ತೋಚದೆ ಮನೆಯಲ್ಲಿ ಉಳಿದ ಮಕ್ಕಳಿಗಾಗಿ ಮಾಡಿದ್ದು. ಟ್ರಸ್ಟಿನ ಕಾರ್ಯದರ್ಶಿ ಮಹದೇವಪ್ರಸಾದ್ ನಿವೃತ್ತ ಹೆಡ್‌ಮಾಸ್ಟರು. ಹನೂರು, ಕೌದಳ್ಳಿ ಕಡೆಯ ಹಳ್ಳಿಹಳ್ಳಿ ಸುತ್ತಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಪೋಡು ಎನ್ನುವ ಸೋಲಿಗರ ಹಾಡಿಗಳಿಗೂ ಹೋಗಿ ಮಕ್ಕಳನ್ನು ಸೇರಿಸಿದವರು ಅವರೇ. ಪಾಠ ಮಾಡಲು ಇದ್ದವಳು ಜ್ಯೋತಿಲಕ್ಷ್ಮಿ ಒಬ್ಬಳೇ.

ಮೊದಲ ವರ್ಷ ಕೋರ್ಸು ನೆಲಕಚ್ಚಿತು. ಮಕ್ಕಳು ಮೊಬೈಲಿನಲ್ಲಿ ಕಷ್ಟಪಟ್ಟು ಪ್ರೋಗ್ರಾಂ ಬರೆದು ಕಳಿಸುತ್ತಿದ್ದರು. ಆ ಕಡೆಯಿಂದ ಒಂದು ಕೆಂಪು ಗುರುತು ಬರುತ್ತಿತ್ತು, ಅಷ್ಟೇ. ಎಲ್ಲಿ ತಪ್ಪು, ಯಾಕೆ ತಪ್ಪು, ಹೇಳುವವರಿಲ್ಲ. ಇವಳೊಬ್ಬಳು ಎಷ್ಟು ಜನಕ್ಕೆಂದು ಫೋನು ಮಾಡಿ ಹೇಳಿಯಾಳು? ಮಕ್ಕಳು ಮೂರು ಕೆಂಪು ಕಂಡು ನಾಲ್ಕನೆಯದಕ್ಕೆ ಕಾಯದೆ ಬಿಟ್ಟುಹೋದರು.

ಆಗ ಜ್ಯೋತಿಲಕ್ಷ್ಮಿ ತಾನು ಮೈಸೂರಿನಲ್ಲಿ ಕಲಿತದ್ದನ್ನು ತಂದು ಇಲ್ಲಿಗೆ ಹೂಡಿದಳು. ಅವಳು ಕಟ್ಟಿದ ಯಂತ್ರ, ಅದೂ ಒಂದು ಪ್ರೋಗ್ರಾಮೇ, ಮಗು ಬರೆದ ಪ್ರೋಗ್ರಾಮನ್ನು ಓದುತ್ತದೆ, ಸರಿಯಾದ ಪ್ರೋಗ್ರಾಮಿನ ಪಕ್ಕ ಇಟ್ಟು ತೂಗುತ್ತದೆ. ಎಲ್ಲಿ ಚೂರು ಬದಲಾಯಿಸಿದರೆ ಇದು ಸರಿಹೋಗುತ್ತದೆ ಎಂದು ಹುಡುಕಿ, "ಮೂರನೇ ಸಾಲಿನಲ್ಲಿ ಒಂದರ ಬದಲು ಎರಡು ಹಾಕಿ ನೋಡಿ" ಎಂದು ಕನ್ನಡದಲ್ಲಿ ಸುಳಿವು ಕೊಡುತ್ತದೆ. ಅಷ್ಟಕ್ಕೇ ಅವಳು ಬಿಡಲಿಲ್ಲ. ಮಗು ಏನೇ ಬರೆದಿರಲಿ, ಬರಿಯ ಖಾಲಿ ಹಾಳೆಯನ್ನೇ ಕಳಿಸಿರಲಿ, ಸುಳಿವಿನ ಹಿಂದೆ ಹೋದರೆ ಸರಿಯಾದ ಪ್ರೋಗ್ರಾಮಿಗೆ ಮುಟ್ಟಿಯೇ ಮುಟ್ಟುತ್ತದೆ, ಎಲ್ಲೂ ದಾರಿ ತಪ್ಪುವುದಿಲ್ಲ ಎಂದು ಸಾಧಿಸಿದಳು. ಮೈಸೂರಿನ ವಿಚಾರ ಸಂಕಿರಣದಲ್ಲಿ ಅದನ್ನು ಮಂಡಿಸಿದಾಗ ಅವಳ ಗುರುಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಕೋರ್ಸು ಚಿಗುರಿಕೊಂಡಿತು. ಬಿಟ್ಟವರೂ ವಾಪಸ್ ಬಂದರು, ಎಲ್ಲರ ಪರದೆಯ ಮೇಲೂ ಹಸಿರು. ಮಹದೇವಪ್ರಸಾದರು ಸಿಕ್ಕಿದವರಿಗೆಲ್ಲ ಮೊಬೈಲು ತೆಗೆದು ಆ ಹಸಿರನ್ನು ತೋರಿಸುತ್ತಿದ್ದರು. ಎಲ್ಲರಿಗಿಂತ ಮುಂದಿದ್ದವಳು ಬೆಟ್ಟದ ಪೋಡಿನ ದಿವ್ಯ, ಅರಣ್ಯ ಇಲಾಖೆಯ ವಾಚರ್ ಜಡಯ್ಯನ ಮಗಳು. ಪೋಡಿನಲ್ಲಿ ಸಿಗ್ನಲ್ ಸಿಗದೆಂದು ದೇವಸ್ಥಾನದ ಮೆಟ್ಟಿಲಿನವರೆಗೆ ನಡೆದು ಬಂದು, ಅಲ್ಲಿ ಕೂತು ಪಾಠ ಮುಗಿಸುವ ಹುಡುಗಿ.

ಜ್ಯೋತಿಲಕ್ಷ್ಮಿಗೆ ಮಾತ್ರ ಒಳಗೊಳಗೇ ಏನೋ ಕೊರೆಯುತ್ತಿತ್ತು. ಏನೆಂದು ಕೇಳಿದರೆ ಹೇಳಲು ಬಾರದು. ಅಂಗಡಿಗೆ ಬಂದು ಗಂಡನ ಎದುರು ಬೋಲ್ಟುಗಳ ಡಬ್ಬಿ ತೆಗೆಯುವುದು, ಮುಚ್ಚುವುದು ಮಾಡುತ್ತಿದ್ದಳು.

"ಎಲ್ಲಾ ಚೆನ್ನಾಗೇ ನಡೀತಾ ಅದೆ. ಇನ್ನೇನಂತೆ ನಿಂದು?" ಎಂದ ಪ್ರಭುಸ್ವಾಮಿ.

"ಗೊತ್ತಿಲ್ಲ ಕಣ್ರಿ. ಸಿಕ್ಕಾಪಟ್ಟೆ ಚೆನ್ನಾಗಿ ನಡೀತಾ ಅದೆ. ಅದೇ ಹಿಂಸೆ."

ಆಗಾಗ ಮಕ್ಕಳನ್ನೆಲ್ಲ ಒಂದು ಕಡೆ ಸೇರಿಸಿ ಮುಖಾಮುಖಿ ಪಾಠ ಮಾಡುವುದಿತ್ತು. ಆ ಸಲ ಯಳಂದೂರಿನಲ್ಲಿ, ಭಾನುವಾರ, ಆ ದಿನದ ಮಟ್ಟಿಗೆ ಕೇಳಿ ಪಡೆದ ಒಂದು ಶಾಲೆಯ ಕೊಠಡಿಯಲ್ಲಿ. ರಸ್ತೆ ಅಗಲ ಮಾಡುವ ಜೆಸಿಬಿ ಯಾವುದೋ ಕೇಬಲ್ಲು ಕಿತ್ತುಹಾಕಿ ಬೆಳಗ್ಗೆಯಿಂದ ನೆಟ್ಟು ಸತ್ತುಹೋಗಿತ್ತು. "ಹೋಗ್ಲಿ ಬಿಡಿ, ಬೋರ್ಡಿನ ಮೇಲೇ ಬರೆಯೋಣ" ಎಂದಳು ಜ್ಯೋತಿಲಕ್ಷ್ಮಿ. ಒಂದರಿಂದ ಹತ್ತರವರೆಗಿನ ಸಮಸಂಖ್ಯೆಗಳನ್ನು ಕೂಡಿಸುವ ಪ್ರೋಗ್ರಾಂ. ಕೋರ್ಸಿನ ಮೊದಲ ತಿಂಗಳ ಪಾಠ. ಉಳಿದವರಿಗೆ ಧೈರ್ಯ ಬರಲೆಂದು ದಿವ್ಯಳನ್ನೇ ಕರೆದಳು.

ದಿವ್ಯ ಸೀಮೆಸುಣ್ಣ ಹಿಡಿದು ಬೋರ್ಡಿನ ಮುಂದೆ ನಿಂತಳು. ಒಂದು ಸಾಲು ಬರೆದಳು. ನಿಂತಳು. ಹಿಂದೆ ತಿರುಗಿ ನೋಡಿದಳು, ಮತ್ತೆ ಬೋರ್ಡು ನೋಡಿದಳು. ಮುಖದಲ್ಲಿ ಗಾಬರಿಯೇನೂ ಇರಲಿಲ್ಲ. ಬಸ್ಸಿಗೆ ಕಾಯುವವರ ಹಾಗೆ ಆರಾಮವಾಗಿ ನಿಂತಿದ್ದಳು.

"ಯಾಕಮ್ಮಾ ನಿಲ್ಸಿದೆ?"

"ಸುಳಿವು ಬರ್ಲಿ ಅಂತ, ಮೇಡಂ" ಎಂದಳು ದಿವ್ಯ.

ಹೇಳಿಬಿಟ್ಟ ಮೇಲೆ ಅವಳಿಗೇ ತಾನೇನು ಹೇಳಿದೆ ಎಂದು ಹೊಳೆಯಿತು. ಕೊಠಡಿಯಲ್ಲಿ ಯಾರೋ ನಕ್ಕರು, ನಕ್ಕವರನ್ನು ಕರೆದರೆ ಅವರಿಗೂ ಬರೆಯಲು ಬರಲಿಲ್ಲ. ಒಬ್ಬೊಬ್ಬರಾಗಿ ಬಂದರು, ಒಂದೆರಡು ಸಾಲು ಗೀಚಿದರು, ನಿಂತರು. ಕೊನೆಕೊನೆಗೆ ಯಾರೂ ನಗಲಿಲ್ಲ. ದಿವ್ಯ ತಲೆ ಬಗ್ಗಿಸಿ ಚೂಡಿದಾರದ ಅಂಚಿಗೆ ಕೈಯ ಸುಣ್ಣ ಒರೆಸಿಕೊಳ್ಳುತ್ತಲೇ ಇದ್ದಳು.

ಕೊಳ್ಳೇಗಾಲಕ್ಕೆ ವಾಪಸಾಗುವ ಬಸ್ಸಿನಲ್ಲಿ ಜಾಗ ಖಾಲಿಯಿದ್ದರೂ ಜ್ಯೋತಿಲಕ್ಷ್ಮಿ ಕಂಬಿ ಹಿಡಿದು ನಿಂತೇ ಬಂದಳು. ತನ್ನ ಸಾಧನೆಯನ್ನು ಮನಸ್ಸಿನಲ್ಲೇ ಮೊದಲಿನಿಂದ ಕೊನೆಯವರೆಗೆ ಓದಿದಳು. ತಪ್ಪಿಲ್ಲ. ಸುಳಿವಿನ ಹಿಂದೆ ಹೋದರೆ ಪ್ರೋಗ್ರಾಂ ಸರಿಯಾಗುತ್ತದೆ. ಪ್ರೋಗ್ರಾಂ ಸರಿಯಾಗುತ್ತದೆ, ನಿಜ. ಮಗುವಿನ ಮಾತು ಅದರಲ್ಲಿ ಎಲ್ಲಿದೆ? ಸಾಧನೆ ಸರಿಯಿತ್ತು, ಸಾಧಿಸಿದ್ದು ಮಾತ್ರ ಮಗು ಕಲಿಯುತ್ತದೆ ಎಂಬುದನ್ನಲ್ಲ. ಇಡೀ ವರ್ಷ ಪ್ರೋಗ್ರಾಂ ಬರೆದದ್ದು ಯಂತ್ರ, ಮಕ್ಕಳದು ಬರಿಯ ಬೆರಳು ಎಂದು ಅವಳಿಗೆ ಅನ್ನಿಸಿತು.

ಮಾರನೆಯ ದಿನವೇ ಮಹದೇವಪ್ರಸಾದರ ಮನೆಗೆ ಹೋದಳು.

"ಸುಳಿವು ನಿಲ್ಸಬೇಕು ಸಾರ್. ಇವತ್ತೇ."

ಪ್ರಸಾದರು ಪೇಪರು ಮಡಿಸಿಟ್ಟು ಎಲ್ಲ ಕೇಳಿಸಿಕೊಂಡರು. "ನೋಡಮ್ಮಾ, ನೀನು ಹೇಳಾದು ಸುಳ್ಳು ಅನ್ನಾಕಿಲ್ಲ ನಾನು. ಆದ್ರೆ ಸುಳಿವು ಇಲ್ದೇ ಇದ್ದಾಗ ಏನಾಯ್ತು ಅಂತ ನೀನೂ ಕಂಡಿದ್ದೀಯ. ಐಕ್ಳು ಓಡೋದ್ರು. ಒಂದೊಂದು ಮನೆ ಬಾಗ್ಲಿಗೆ ಓಗಿ ಕರ್ಕಬಂದೋನು ನಾನು. ಅರ್ಧ ಕಲ್ತ ಐಕ್ಳು ಮೇಲಾ, ಏನೂ ಕಲೀದೆ ಮನೇಲಿರೋ ಐಕ್ಳು ಮೇಲಾ?"

"ಅರ್ಧನೂ ಕಲ್ತಿಲ್ಲ ಸಾರ್. ಕಲ್ತಿದ್ದೀವಿ ಅಂತ ನಂಬ್ಕೊಂಡಿದ್ದಾರೆ, ಅಷ್ಟೇ."

"ಈ ವರ್ಷದ ಕೋರ್ಸಿನ ಪರೀಕ್ಷೆ ಮುಗೀಲಿ, ಆಮೇಲೆ ನೋಡಾಣ."

ಅವರ ಮಾತಿನಲ್ಲಿ ನ್ಯಾಯವಿತ್ತು. ಅದು ಅವಳಿಗೆ ಗೊತ್ತಿತ್ತು. ಆದರೂ ತಡೆದುಕೊಳ್ಳಲು ಆಗಲಿಲ್ಲ. ವಾರ ಕಳೆಯುವುದರೊಳಗೆ ಒಂದು ಬೆಳಗ್ಗೆ, ಒಲೆಯ ಮೇಲಿಟ್ಟ ಹಾಲು ಉಕ್ಕುವಷ್ಟರಲ್ಲಿ, ಲ್ಯಾಪ್‌ಟಾಪ್ ತೆಗೆದು ಸುಳಿವನ್ನು ನಿಲ್ಲಿಸಿಬಿಟ್ಟಳು. ಯಾರನ್ನೂ ಕೇಳಲಿಲ್ಲ. ಮಕ್ಕಳಿಗೂ ಒಂದು ಮಾತು ಹೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಫೋನು ಬಡಿದುಕೊಳ್ಳಲು ಶುರುವಾಯಿತು. ಮೇಡಂ, ಸುಳಿವು ಬರ್ತಾ ಇಲ್ಲ. ಮೇಡಂ, ನಂದು ಕೆಟ್ಟೋಗಿದೆ. ಹನೂರಿನ ಒಬ್ಬ ತಂದೆ, "ನಮ್ ಮಗಿ ಕಣ್ಣೀರಾಕ್ತಾ ಕೂತದೆ, ಏನ್ ಮಾಡಿದ್ರಿ ನೀವು?" ಎಂದು ಜೋರು ಮಾಡಿದ. ಮಹದೇವಪ್ರಸಾದರು ಇವಳಿಗೆ ಫೋನು ಮಾಡಲಿಲ್ಲ. ನೇರ ಅಂಗಡಿಗೆ ಹೋಗಿ ಪ್ರಭುಸ್ವಾಮಿಯ ಎದುರು ನಿಂತು, "ನಿಮ್ ಮನೆಯೋರು ನನ್ ಮಾತಿಗೆ ಬೆಲೆ ಕೊಡ್ಲಿಲ್ಲ" ಎಂದಷ್ಟೇ ಹೇಳಿ ಹೊರಟುಹೋದರು. ಪ್ರಭುಸ್ವಾಮಿ ಸಾಯಂಕಾಲ ಬಂದವನು, "ಒಂದ್ ಮಾತು ಹೇಳಿ ಮಾಡ್ಬೋದಾಗಿತ್ತು" ಎಂದ.

ಮಕ್ಕಳು ಮತ್ತೆ ಕಳಚಿಕೊಳ್ಳತೊಡಗಿದರು. ಮೊದಲು ಕಾಣೆಯಾದವಳು ದಿವ್ಯ. ಫೋನು ಮಾಡಿದರೆ ಸ್ವಿಚ್ಡ್ ಆಫ್. ಮೆಸೇಜಿಗೆ ಉತ್ತರವಿಲ್ಲ. ಜ್ಯೋತಿಲಕ್ಷ್ಮಿಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ, ಅಂಗಡಿಯಲ್ಲಿ ಕೂರಲಾಗಲಿಲ್ಲ. ಕೊನೆಗೆ ಯಳಂದೂರಿಗೆ ಹೋಗಿ, ಅಲ್ಲಿಂದ ಬೆಟ್ಟದ ಬಸ್ಸು ಹತ್ತಿದಳು. ಚೆಕ್‌ಪೋಸ್ಟ್ ದಾಟಿ ಬಸ್ಸು ತಿರುವು ಹತ್ತುತ್ತಿದ್ದರೆ ಕಾಡೆಲ್ಲ ಲಂಟಾನದ ವಾಸನೆ. ದಾರಿಯಲ್ಲಿ ಜಿಂಕೆ ಕಂಡು ಹಿಂದಿನ ಸೀಟಿನವರು ಎದ್ದು ನೋಡಿದರು. ಇವಳಿಗೆ ಡ್ರೈವರು ಬಸ್ಸು ನಿಧಾನ ಮಾಡಿದ್ದೊಂದೇ ಕಂಡಿತು, ಸಿಟ್ಟು ಬಂತು.

ಪೋಡಿನಲ್ಲಿ ಜಡಯ್ಯ ಮನೆ ಮುಂದೆ ಯೂನಿಫಾರಂ ಷರ್ಟು ಒಣಹಾಕುತ್ತಿದ್ದ. ಇವಳನ್ನು ಕಂಡು ಗಡಿಬಿಡಿಯಾಗಿ ಒಳಗಿಂದ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟ.

"ಕುಂತ್ಕಳಿ ಮೇಡಂನೋರೇ. ಅವ್ಳು ಮೊಬೈಲು ಮುಟ್ಟಿ ಎಷ್ಟೋ ದಿನ ಆಯ್ತು. ಯಾಕವ್ವಾ ಅಂದ್ರೆ, ನಂಗೆ ಬರಾಕಿಲ್ಲ ಅಪ್ಪಾ, ಅಂತಾಳೆ. ಎಲ್ಲಾರ್ಗಿಂತ ಮುಂದೆ ಅವ್ಳೆ ಅಂತ ನೀವೇ ಹೇಳಿದ್ರಿ. ಏನೂ ಅರ್ಥ ಆಗ್ನಿಲ್ಲ ನಂಗೆ." ಒಳಗೆ ತಿರುಗಿ ಕೂಗಿದ, "ದಿವ್ಯಾ, ಬಾ ಈಚೆಗೆ. ಯಾರು ಬಂದವ್ರೆ ನೋಡು."

ದಿವ್ಯ ಬಂದು ಬಾಗಿಲಿಗೊರಗಿ ನಿಂತಳು. ಕೂತುಕೊಳ್ಳಲಿಲ್ಲ. ಜಡಯ್ಯ ಕಾಫಿಗೆ ಹಾಲು ತರುತ್ತೇನೆಂದು ಪಕ್ಕದ ಮನೆಗೆ ಹೋದ ಮೇಲೆ ಬಾಯಿ ಬಿಟ್ಟಳು.

"ಯಾಕ್ ಬಂದ್ರಿ ಮೇಡಂ? ಬೋರ್ಡಿನ ಮುಂದೆ ನಿಲ್ಸಿ ಮಾನ ಕಳದ್ರಿ. ಆಮೇಲೆ ಇದ್ದದ್ದನ್ನೂ ಕಿತ್ಕಂಡ್ರಿ. ನಾನೇನು ಕದ್ದಿದ್ನಾ? ನೀವೇ ಕೊಟ್ಟಿದ್ದು. ಅದು ಹೇಳ್ದಂಗೆ ಮಾಡು ಅಂದ್ರಿ, ಮಾಡ್ದೆ."

"ತಪ್ಪು ನಂದೇ ದಿವ್ಯ. ನಿಂದಲ್ಲ."

"ಹಂಗಂದ್ಬುಟ್ರೆ ಆಯ್ತಾ? ಇಲ್ಲಿ ಎಲ್ಲಾರ್ಗೂ ಹೇಳಿದ್ದೆ, ನಂಗೆ ಪ್ರೋಗ್ರಾಂ ಬತ್ತದೆ ಅಂತ. ನಮ್ಮಪ್ಪ ಆಫೀಸ್ನಲ್ಲೆಲ್ಲಾ ಹೇಳ್ಕಂಡವ್ರೆ." ಅವಳು ಅಪ್ಪ ಹೋದ ಕಡೆ ನೋಡಿದಳು. "ಈಗ ಏನ್ ಹೇಳ್ಲಿ?"

ಜ್ಯೋತಿಲಕ್ಷ್ಮಿ ಎದ್ದಳು, ಅಂಗಳದಲ್ಲಿ ಈ ತುದಿಯಿಂದ ಆ ತುದಿಗೆ ಹೋಗಿಬಂದಳು. ಆಮೇಲೆ ದಿವ್ಯಳ ಪಕ್ಕದಲ್ಲಿ ಹೊಸ್ತಿಲ ಹತ್ತಿರ ನೆಲಕ್ಕೇ ಕೂತು, "ನೀನು ಕೊನೆಗೆ ಬರ್ದು ಬಿಟ್ಟಿದ್ದು ಯಾವುದು, ತೋರ್ಸು" ಎಂದಳು.

ದಿವ್ಯ ಒಲ್ಲದ ಮನಸ್ಸಿನಿಂದ ಮೊಬೈಲು ಆನ್ ಮಾಡಿ ತೋರಿಸಿದಳು. ಕೊಟ್ಟ ಸಂಖ್ಯೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದೆಂದು ಹುಡುಕುವ ಪ್ರೋಗ್ರಾಂ. ಸುಳಿವು ನಿಂತ ದಿನ ಅವಳೇ ಬರೆದದ್ದು, ಮೇಲೊಂದು ಕೆಂಪು ಗುರುತು. ಮೊದಲ ಸಾಲಿನಲ್ಲಿ 'ದೊಡ್ಡದು' ಎಂಬ ಹೆಸರಿಗೆ ಸೊನ್ನೆ ಇಟ್ಟಿದ್ದಳು. ಆಮೇಲೆ ಬಂದ ಒಂದೊಂದು ಸಂಖ್ಯೆಯನ್ನೂ ಅದರ ಜೊತೆ ಹೋಲಿಸಿ, ಬಂದದ್ದು ಹೆಚ್ಚಿದ್ದರೆ ಅದನ್ನೇ 'ದೊಡ್ಡದು' ಮಾಡುತ್ತಿದ್ದಳು. ತಪ್ಪೆಲ್ಲಿದೆ ಎಂದು ಜ್ಯೋತಿಲಕ್ಷ್ಮಿಗೆ ಕಂಡ ಕೂಡಲೇ ತಿಳಿಯಿತು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು.

"ಈಗ ನಾನೇ ಕಂಪ್ಯೂಟ್ರು. ನೀನು ಸಂಖ್ಯೆ ಹೇಳು. ನೀನು ಬರ್ದಂಗೇ ಮಾಡ್ತೀನಿ, ಒಂದ್ ಚೂರೂ ಆಚೀಚೆ ಮಾಡಲ್ಲ."

"ಐದು, ಎಂಟು, ಮೂರು."

"ಎಂಟು."

"ನೂರು, ಒಂದು, ತೊಂಬತ್ತು."

"ನೂರು."

ದಿವ್ಯ ಒಂದರ ಮೇಲೊಂದು ಕೊಟ್ಟಳು. ಎಲ್ಲವೂ ಸರಿ ಬಂತು. "ಎಲ್ಲಾ ಸರಿ ಅದೆಯಲ್ಲ ಮೇಡಂ! ಮತ್ಯಾಕೆ ಕೆಂಪು ಬತ್ತದೆ?" ಎಂದು ರೇಗಿದಳು.

"ಒಂದ್ಸಲ ನಾನೂ ಕೊಡ್ತೀನಿ. ಈ ಸಲ ಕಂಪ್ಯೂಟ್ರು ನೀನು. ಮೈನಸ್ ನಾಲ್ಕು, ಮೈನಸ್ ಒಂಬತ್ತು."

ದಿವ್ಯ ತನ್ನ ಸಾಲುಗಳ ಮೇಲೆ ಬೆರಳಿಟ್ಟು ಹೋದಳು. ದೊಡ್ಡದು, ಸೊನ್ನೆ. ಮೈನಸ್ ನಾಲ್ಕು ಬಂತು. ಸೊನ್ನೆಗಿಂತ ಹೆಚ್ಚಾ? ಅಲ್ಲ, ಬಿಡು. ಮೈನಸ್ ಒಂಬತ್ತು. ಅದೂ ಅಲ್ಲ, ಬಿಡು. ಮುಗೀತು. "ಸೊನ್ನೆ" ಎಂದಳು. ಎಂದವಳೇ ಹುಬ್ಬು ಗಂಟಿಕ್ಕಿದಳು. "ಸೊನ್ನೆ ಎಲ್ಲಿಂದ ಬಂತು? ನೀವು ಸೊನ್ನೆ ಕೊಡ್ಲೇ ಇಲ್ವಲ್ಲ!"

ಜ್ಯೋತಿಲಕ್ಷ್ಮಿ ಸುಮ್ಮನೆ ಕೂತಳು. ಅವಳ ಪಾಲಿಗೆ ಅದು ದೊಡ್ಡ ಕಷ್ಟ. ಕಾಲಿನ ಬೆರಳುಗಳು ತಾವೇ ಆಡುತ್ತಿದ್ದವು.

"ನಾನೇ ಮಡಗಿದ್ದು" ಎಂದಳು ದಿವ್ಯ, ಮತ್ತೆ ಮೇಲಿನಿಂದ ಬೆರಳಾಡಿಸಿ, ನಿಧಾನಕ್ಕೆ. "ಮೊದಲ್ನೇ ಸಾಲಲ್ಲಿ. ಇಲ್ಲದ್ದನ್ನ ತಂದು ಮಡಗಿ, ಅದೇ ದೊಡ್ಡದು ಅಂದ್ಬುಟ್ಟಿವ್ನಿ. ಸೊನ್ನೆ ಬ್ಯಾಡ. ಬಂದದ್ರಲ್ಲೇ ಮೊದಲ್ನೇದು ಮಡಗ್ಬೇಕು." ಮೊಬೈಲು ಕಿತ್ತುಕೊಂಡು ತಿದ್ದತೊಡಗಿದಳು.

ಜ್ಯೋತಿಲಕ್ಷ್ಮಿಯ ತಲೆಯಲ್ಲಿ ಆಗ ಬೇರೊಂದು ಓಡುತ್ತಿತ್ತು. ಮಗುವಿನ ಪ್ರೋಗ್ರಾಂ ತಪ್ಪೆಂದು ತೀರ್ಮಾನಿಸಲು ಅವಳ ಯಂತ್ರ ಒಳಗೆ ಮಾಡುತ್ತಿದ್ದದ್ದೂ ಇದನ್ನೇ. ಯಾವ ಸಂಖ್ಯೆ ಕೊಟ್ಟರೆ ಈ ಪ್ರೋಗ್ರಾಂ ಎಡವುತ್ತದೆ ಎಂದು ಅದು ಹುಡುಕುತ್ತಿತ್ತು. ಹುಡುಕಿ, ತಪ್ಪೆಂದು ಗೊತ್ತಾದ ಮೇಲೆ ಆ ಸಂಖ್ಯೆಯನ್ನು ಬಿಸಾಕಿ ತಿದ್ದುಪಡಿಯ ಕೆಲಸಕ್ಕೆ ಹೋಗುತ್ತಿತ್ತು. ಮಗುವಿಗೆ ಬೇಕಾದದ್ದನ್ನು ಕಸಕ್ಕೆ ಹಾಕಿ, ಬೇಡದ್ದನ್ನು ಕೈಗಿಡುತ್ತಿತ್ತು. ಹಾಗೆ ಮಾಡೆಂದು ಬರೆದವಳು ತಾನೇ. ಜಡಯ್ಯ ಕೊಟ್ಟ ಕಾಫಿಯನ್ನು ನಿಂತೇ ಕುಡಿದು, ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಅವನು ಹೇಳಿದರೂ ಕೇಳದೆ ಹೊರಟಳು.

ಮನೆಗೆ ಬಂದು ಲ್ಯಾಪ್‌ಟಾಪ್ ತೆಗೆದರೆ ಪಾಸ್‌ವರ್ಡ್ ಹಿಡಿಯಲಿಲ್ಲ. ಅವಳು ಬೆಟ್ಟದಲ್ಲಿದ್ದಾಗಲೇ ಮಹದೇವಪ್ರಸಾದರು ಮೈಸೂರಿನಿಂದ ಯಾರನ್ನೋ ಹಿಡಿದು ಸುಳಿವನ್ನು ಮತ್ತೆ ಚಾಲೂ ಮಾಡಿಸಿದ್ದರು, ಇವಳನ್ನು ಹೊರಗೆ ಹಾಕಿಸಿದ್ದರು.

"ನಾನ್ ಕಟ್ಟಿದ್ದು ಕಣ್ರಿ ಅದು!" ಎಂದಳು ಗಂಡನಿಗೆ.

"ಕೇಳ್ದೆ ನಿಲ್ಸಿದೋಳೂ ನೀನೇ ತಾನೇ?" ಎಂದ ಪ್ರಭುಸ್ವಾಮಿ. ಆಮೇಲೆ, ಅವಳ ಮುಖ ನೋಡಿ, "ಅಂಗಡಿ ಮ್ಯಾಲೆ ರೂಮು ಖಾಲಿ ಅದೆ. ಗೇರ್‌ಬಾಕ್ಸ್ ಎತ್ತಿಡಿಸ್ತೀನಿ" ಎಂದ.

ಆ ಕೋಣೆಯಲ್ಲಿ ಗ್ರೀಸಿನ ವಾಸನೆಯ ನಡುವೆ ಅವಳು ಹೊಸದನ್ನು ಕಟ್ಟಿದಳು. ಇದು ಏನು ಬರೆಯಬೇಕೆಂದು ಹೇಳುವುದಿಲ್ಲ. ನಿನ್ನ ಪ್ರೋಗ್ರಾಮಿಗೆ ಈ ಸಂಖ್ಯೆ ಕೊಡುತ್ತೇನೆ, ಏನು ಬರುತ್ತದೆ, ಒಂದೊಂದು ಸಾಲಿಗೂ ನೀನೇ ಹೇಳು ಎಂದು ಕೇಳುತ್ತದೆ. ಮೊದಲು ಸೇರಿದವಳು ದಿವ್ಯ. ಆಮೇಲೆ ಅಲ್ಲೊಬ್ಬರು ಇಲ್ಲೊಬ್ಬರು ಬಂದರು. ಬಂದವರಲ್ಲಿ ಕೆಲವರು ಇದು ಬಹಳ ಕಾಡಿಸುತ್ತದೆ ಎಂದು ಬಿಟ್ಟುಹೋಗಿ ಟ್ರಸ್ಟಿನ ಹಸಿರಿಗೇ ಮರಳಿದರು. ಆ ವರ್ಷ, ಸುಳಿವಿನ ಜೊತೆಗೇ ಬರೆದ ಟ್ರಸ್ಟಿನ ಆನ್‌ಲೈನ್ ಪರೀಕ್ಷೆಯ ಫಲಿತಾಂಶ ಎಂದಿಗಿಂತ ಜೋರಾಗಿತ್ತು. ಅಭಿನಂದನೆಯ ಸಭೆಗೆ ಇವಳನ್ನು ಕರೆಯಲಿಲ್ಲ. ಸಭೆ ನಡೆಯುತ್ತಿದ್ದ ಹಾಲಿನ ಮುಂದೆ ಅವಳು ತರಕಾರಿ ಚೀಲ ಹಿಡಿದು ಎರಡು ಸಲ ಹಾದುಹೋದಳು, ಎರಡನೆಯ ಸಲ ಕೊಳ್ಳುವುದೇನೂ ಇರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಚಾಮರಾಜನಗರದಲ್ಲಿ ಒಂದು ಕಂಪನಿ ಕೆಲಸಕ್ಕೆ ಪರೀಕ್ಷೆ ಇಟ್ಟಿತು. ನೆಟ್ಟಿಲ್ಲದ ಕಂಪ್ಯೂಟರಿನ ಮುಂದೆ ಕೂತು ಬರೆಯಬೇಕು. ಟ್ರಸ್ಟಿನ ಮಕ್ಕಳು ಬಂದ ದಾರಿಗೆ ಸುಂಕವಿಲ್ಲದೆ ಮರಳಿದರು. ಇವಳ ಕಡೆಯ ಮಕ್ಕಳಲ್ಲೂ ಎಲ್ಲರೂ ಗೆಲ್ಲಲಿಲ್ಲ. ದಿವ್ಯಳ ಪ್ರೋಗ್ರಾಂ ಸರಿ ಓಡಿತು, ಇಂಗ್ಲಿಷಿನ ಸಂದರ್ಶನದಲ್ಲಿ ಅವಳನ್ನು ಕೈಬಿಟ್ಟರು. ಬಸ್‌ಸ್ಟ್ಯಾಂಡಿನಿಂದ ಫೋನು ಮಾಡಿ, "ಕೆಲ್ಸ ಸಿಗ್ಲಿಲ್ಲ ಮೇಡಂ. ಆದ್ರೆ ಬರ್ದೆ. ಒಬ್ಳೇ ಬರ್ದೆ" ಎಂದಳು. ಈಗ ಅವಳು ಚಾಮರಾಜನಗರದ ಹಾಸ್ಟೆಲ್ಲಿನಲ್ಲಿದ್ದು ಬಿಸಿಎ ಓದುತ್ತಿದ್ದಾಳೆ.

ಪರೀಕ್ಷೆಯ ಸುದ್ದಿ ಬಂದ ಮೇಲೆ ಮಹದೇವಪ್ರಸಾದರು ಅಂಗಡಿಯ ಮೆಟ್ಟಿಲು ಹತ್ತಿ ಮೇಲೆ ಬಂದರು. ಏದುಸಿರು ಬಿಡುತ್ತ ಗೇರ್‌ಬಾಕ್ಸಿನ ಪೆಟ್ಟಿಗೆಯ ಮೇಲೆ ಕೂತರು.

"ನಿಂದೂ ಇರ್ಲಿ, ನಂದೂ ಇರ್ಲಿ ಕಣಮ್ಮಾ" ಎಂದರು. "ಮೊದ್ಲು ನೀನು ಸಂಖ್ಯೆ ಕೊಟ್ಟು ಕೇಳು. ತೀರಾ ಆಗ್ದೇ ಇದ್ರೆ, ಬಿಟ್ಟೋಗೋ ಮುಂಚೆ, ಒಂದು ಸುಳಿವು ಕೊಡು. ಬಿಟ್ಟೋದ ಮಗಿಗೆ ಏನೂ ಕಲ್ಸಾಕಾಗಾಕಿಲ್ಲ."

"ಯಾವಾಗ ಕೊಡ್ಬೇಕು ಅಂತ ಹೆಂಗೆ ಗೊತ್ತಾಯ್ತದೆ ಸಾರ್?"

"ಅದ ನಾನೇನು ಹೇಳ್ಲಿ? ನೀನೇ ತಾನೇ ಲೆಕ್ಕದೋಳು."

ಅವಳು ಒಪ್ಪಿಕೊಂಡಳು. ಆದರೆ ಆ ಪ್ರಶ್ನೆ ಅವಳನ್ನು ಬಿಟ್ಟಿಲ್ಲ. ಇಷ್ಟು ಒದ್ದಾಟ ಒಳ್ಳೆಯದು, ಇದಕ್ಕಿಂತ ಹೆಚ್ಚಾದರೆ ಮಗು ಮುರಿಯುತ್ತದೆ, ಇದಕ್ಕಿಂತ ಕಡಿಮೆಯಾದರೆ ಕಲಿಯುವುದಿಲ್ಲ. ಆ ಗೆರೆಯನ್ನು ಎಲ್ಲಿ ಎಳೆಯುವುದೆಂದು ಯಾವ ಪ್ರಮೇಯವೂ ಅವಳಿಗೆ ಹೇಳಿಲ್ಲ. ಬರೆದು ನೋಡುತ್ತಾಳೆ, ಹೊಡೆದುಹಾಕುತ್ತಾಳೆ. ಮೈಸೂರಿನ ಗುರುಗಳನ್ನು ಕೇಳಿದರೆ, "ಇದು ನಮ್ಮ ಗಣಿತಕ್ಕೆ ಸಿಗದ ಮಾತೇ ಇರಬಹುದು ಕಣಮ್ಮ" ಎಂದರು. ಆ 'ಇರಬಹುದು' ಅವಳಿಗೆ ಸಾಕಾಗಲಿಲ್ಲ. ಹಾಗಾಗಿ ಈಗ ಅವಳು ಮಕ್ಕಳ ಪಕ್ಕದಲ್ಲೇ ಹೋಗಿ ಕೂರುತ್ತಾಳೆ. ಒಂದು ದಿನ ಹನೂರು, ಇನ್ನೊಂದು ದಿನ ಕೌದಳ್ಳಿ. ಯಂತ್ರ ಸಂಖ್ಯೆ ಕೊಟ್ಟಾಗ ಮಗು ಎಷ್ಟು ಹೊತ್ತು ಹುಬ್ಬು ಗಂಟಿಕ್ಕಿ ಕೂರುತ್ತದೆ, ಯಾವ ಗಳಿಗೆಯಲ್ಲಿ ಕಣ್ಣು ಕಿಟಕಿಯ ಕಡೆ ಹೋಗುತ್ತದೆ ಎಂದು ನೋಡುತ್ತಾಳೆ.

ಮೊನ್ನೆ ಕೌದಳ್ಳಿಯಲ್ಲಿ ಒಬ್ಬಳು ಹುಡುಗಿ ಬಹಳ ಹೊತ್ತು ಹೆಣಗಾಡುತ್ತಿದ್ದಳು. ಜ್ಯೋತಿಲಕ್ಷ್ಮಿ ಹೇಳಿಬಿಡಲೇ ಎಂದು ಬಾಯಿ ತೆರೆದಳು, ಮುಚ್ಚಿದಳು, ಎದ್ದು ಹೊರಗೆ ಹೋಗಿ ಹುಣಸೆಮರದ ಕೆಳಗೆ ಸುತ್ತು ಹಾಕಿದಳು. ವಾಪಸ್ ಬಂದು ನೋಡಿದರೆ ಹುಡುಗಿ ಇನ್ನೂ ಅದೇ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಳು. ಕಣ್ಣು ಕಿಟಕಿಯ ಕಡೆ ಹೋಗಿರಲಿಲ್ಲ. ಜ್ಯೋತಿಲಕ್ಷ್ಮಿ ಸದ್ದಾಗದ ಹಾಗೆ ಮತ್ತೆ ಹೊರಗೆ ಹೋದಳು.